ಕೆರೆ ಕಂಡವರು ಕಡಲಿಗೆ ಹೊರಟಾಗ: ಕೋಲಾರದವರು ಬೀಚ್ ಆಯ್ದುಕೊಳ್ಳುವ ಬಗೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಎಂಬ ಹೆಸರು ಎಷ್ಟೇ ದೊಡ್ಡದಿದ್ದರೂ ನಮ್ಮ ಕಣ್ಣಿಗೆ ಅದು ಬೀಳುವುದು ಮರಳಿನ ಗೆರೆಯಾಗಿ, ಇಲ್ಲವೇ ಬೇತಮಂಗಲದಲ್ಲಿ ಕೆರೆಯಾಗಿ. ಆದ್ದರಿಂದ ಇಲ್ಲಿ ಈಜು ಬಲ್ಲವರು ಅದನ್ನು ಕಲಿತದ್ದು ಕೆರೆಯಲ್ಲಿ, ಕಲ್ಯಾಣಿಯಲ್ಲಿ ಅಥವಾ ತೋಟದ ಬಾವಿಯಲ್ಲಿ. ಆ ನೀರು ನಮಗೆ ಎರಡು ಪಾಠ ಕಲಿಸಿದೆ: ಅಲುಗದೆ ನಿಂತ ನೀರನ್ನು ನಂಬಬಹುದು, ಮತ್ತು ಸೊಂಟದ ಆಳದವರೆಗೆ ಯಾರಿಗೂ ಏನೂ ಆಗುವುದಿಲ್ಲ. ಕಡಲಿಗೆ ಹೋದಾಗ ಈ ಎರಡೂ ಪಾಠಗಳು ತಲೆಕೆಳಗಾಗುತ್ತವೆ. ಯಾವ ಬೀಚಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ನಾವು ಫೋನಿನಲ್ಲಿ ಬಂದ ಫೋಟೊ ನೋಡಿ ತೀರ್ಮಾನಿಸುತ್ತೇವೆ. ಅದರ ಬದಲಿಗೆ ನೀರನ್ನು ನೋಡಿ ತೀರ್ಮಾನಿಸುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ಹೇಳುವುದು ಈ ಲೇಖನದ ಉದ್ದೇಶ.

ನನ್ನ ಸೋದರಮಾವ ಬೇತಮಂಗಲದ ಕೆರೆಯಲ್ಲಿ ಗಂಟೆಗಟ್ಟಲೆ ಈಜಿದವರು. ಮಲ್ಪೆಯಲ್ಲಿ ಮೊದಲ ಸಲ ಕಡಲಿಗೆ ಇಳಿದು, ಮೊಣಕಾಲಿನ ಮಟ್ಟದ ನೀರಿನಲ್ಲಿ ದಡದತ್ತ ಮುಖ ಮಾಡಿ, ನಮಗೆ ಈಜಿನ ಬಗ್ಗೆ ಉಪದೇಶ ಮಾಡುತ್ತಿದ್ದಾಗ ಹಿಂದಿನಿಂದ ಬಂದ ಅಲೆಯೊಂದು ಅವರನ್ನು ಕೆಡವಿತು. ಅದೇ ಅಲೆ ಹಿಂದಿರುಗುವಾಗ ಕಾಲಡಿಯ ಮರಳನ್ನೂ ಸೆಳೆದುಕೊಂಡದ್ದರಿಂದ ಎದ್ದು ನಿಲ್ಲಲು ಅವರಿಗೆ ಮೂರು ಸಲ ಪ್ರಯತ್ನ ಬೇಕಾಯಿತು. ಅವರ ಕನ್ನಡಕ ಇಂದಿಗೂ ಅರಬ್ಬೀ ಸಮುದ್ರದಲ್ಲಿದೆ. ನಮ್ಮ ಮನೆಯಲ್ಲಿ ಇದು ನಗೆಯ ಕಥೆಯಾಗಿ ಉಳಿಯಿತು. ಎಲ್ಲರ ಮನೆಯಲ್ಲೂ ಹಾಗಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಜೀವ ಕಳೆದುಕೊಂಡರು. ಆ ಬಳಿಕ ಅಲ್ಲಿನ ಬೀಚಿಗೆ ಕೆಲಕಾಲ ಪ್ರವೇಶವನ್ನೇ ನಿರ್ಬಂಧಿಸಲಾಗಿತ್ತು. ಡಿಸೆಂಬರ್ ಎಂದರೆ ಮಳೆಗಾಲ ಮುಗಿದು ಕಡಲು ಶಾಂತವಾಗಿರುವ ತಿಂಗಳು, ಶಾಲಾ ಪ್ರವಾಸಗಳ ತಿಂಗಳು. ಕಾಲ ಒಳ್ಳೆಯದಾಗಿದ್ದರೆ ಮಾತ್ರ ಸಾಲದು ಎಂಬುದನ್ನು ನಮ್ಮ ಜಿಲ್ಲೆ ಇಷ್ಟು ದೊಡ್ಡ ಬೆಲೆ ತೆತ್ತು ತಿಳಿದಿದೆ.

ಹಂತ 1: ಹೋಗುವವರು ಯಾರು, ಹೋಗುವುದು ಯಾವುದಕ್ಕೆ

ಬೀಚಿನ ಹೆಸರು ಹುಡುಕುವ ಮೊದಲು ಒಂದು ಚೀಟಿಯಲ್ಲಿ ಹೋಗುವವರ ಹೆಸರು ಬರೆದು, ಪ್ರತಿಯೊಬ್ಬರ ಮುಂದೆ ‘ನೋಡುವುದು’, ‘ಕಾಲು ತೋಯಿಸುವುದು’, ‘ಮೀಯುವುದು’ ಈ ಮೂರರಲ್ಲಿ ಒಂದನ್ನು ಬರೆಯಿರಿ. ಹತ್ತು ಜನರ ಕುಟುಂಬದಲ್ಲಿ ನಿಜವಾಗಿ ಮೀಯಬೇಕೆನ್ನುವವರು ಇಬ್ಬರೋ ಮೂವರೋ ಇರುತ್ತಾರೆ. ಅಜ್ಜಿಗೆ ಸೂರ್ಯಾಸ್ತ ಸಾಕು, ಮಕ್ಕಳಿಗೆ ಒದ್ದೆ ಮರಳು ಸಾಕು. ಒಂದೇ ಬೀಚು ಈ ಮೂರು ಕೆಲಸಗಳಿಗೂ ಚೆನ್ನಾಗಿ ಒದಗುವುದು ಅಪರೂಪ. ನೋಡಲು ಅತಿ ಸುಂದರವಾದ ಕಡೆ ಸಾಮಾನ್ಯವಾಗಿ ಬಂಡೆಗಳಿರುತ್ತವೆ, ಬಂಡೆಗಳಿರುವ ಕಡೆ ಮೀಯುವುದು ಅಪಾಯ. ಮೀಯಲು ತಕ್ಕದ್ದಾದ ಅಗಲವಾದ, ಸಪಾಟಾದ ಮರಳಿನ ತೀರ ಫೋಟೊದಲ್ಲಿ ಸಪ್ಪೆಯಾಗಿ ಕಾಣುತ್ತದೆ. ನಮ್ಮ ಆಯ್ಕೆ ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ: ನೋಡಲೆಂದು ಆಯ್ದುಕೊಂಡ ತೀರದಲ್ಲಿ, ಅಲ್ಲಿಗೆ ಹೋದ ಮೇಲೆ, ಮೀಯಲು ಇಳಿಯುತ್ತೇವೆ.

ಗುಂಪಿನಲ್ಲಿ ಒಬ್ಬರೇ ಒಬ್ಬರು ಮೀಯುವವರಿದ್ದರೂ ಮೀಯಲು ಗುರುತಿಸಿದ ಜಾಗವಿರುವ ಬೀಚನ್ನೇ ಆಯ್ದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಒಬ್ಬರು ಇಳಿದರೆ ಉಳಿದವರೂ ಇಳಿಯುತ್ತಾರೆ, ಚೀಟಿಯಲ್ಲಿ ಏನು ಬರೆದಿದ್ದರೂ.

ಹಂತ 2: ತಿಂಗಳು ಮತ್ತು ದಿಕ್ಕು

ಕೋಲಾರದವರಿಗೆ ಎರಡು ಕಡಲುಗಳಿವೆ ಎಂಬುದನ್ನು ನಾವೇ ಎಷ್ಟೋ ಸಲ ಮರೆತಿರುತ್ತೇವೆ. ಮುಳಬಾಗಿಲು ದಾಟಿ ಪೂರ್ವಕ್ಕೆ ಹೋದರೆ ಚೆನ್ನೈ ಮುನ್ನೂರು ಕಿಲೋಮೀಟರಿನ ಒಳಗೇ ಸಿಗುತ್ತದೆ. ಪಶ್ಚಿಮಕ್ಕೆ ಬೆಂಗಳೂರು, ಹಾಸನ, ಶಿರಾಡಿ ಘಾಟಿ ದಾಟಿ ಮಂಗಳೂರು ಮುಟ್ಟಲು ನಾನೂರು ಕಿಲೋಮೀಟರು ಮೀರುತ್ತದೆ. ಕೋಲಾರದ ಪಕ್ಕದಲ್ಲಿ ಹಾದುಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯ ಪಶ್ಚಿಮದ ತುದಿ ಮಂಗಳೂರಿನ ಹತ್ತಿರದ ಬಂಟ್ವಾಳ. ಮುಳಬಾಗಿಲು, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಮೇಲೆ ಹೋಗುವ 69ನೇ ಹೆದ್ದಾರಿಯ ಪಶ್ಚಿಮದ ತುದಿ ಹೊನ್ನಾವರ. ನಮ್ಮ ಊರಿನ ಎರಡು ರಸ್ತೆಗಳೂ ಕಡಲಿಗೇ ಹೋಗುತ್ತವೆ ಎಂದು ನೆನೆದರೆ ಒಂದು ಬಗೆಯ ಸಂತೋಷವಾಗುತ್ತದೆ. ಆದರೂ ಹೊನ್ನಾವರಕ್ಕೆ ಆ 69ರ ಉದ್ದಕ್ಕೂ ಹೋಗುವ ಉತ್ಸಾಹ ಬೇಡ, ಬೆಂಗಳೂರಿನಿಂದ ಸಂಜೆ ಹೊರಡುವ ಕಾರವಾರದ ಪಂಚಗಂಗಾ ರೈಲು ಎಷ್ಟೋ ವಾಸಿ.

ಕಾಲ ಎರಡೂ ಕಡೆಗೆ ಬೇರೆ ಬೇರೆ. ಪಶ್ಚಿಮ ಕರಾವಳಿಗೆ ನೈಋತ್ಯ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳಲ್ಲಿ ಕರ್ನಾಟಕದ ಯಾವ ಬೀಚಿನಲ್ಲೂ ನೀರಿಗೆ ಇಳಿಯುವ ಮಾತೇ ಇಲ್ಲ. ಅಲ್ಲಿನ ಮೀನುಗಾರರೇ ಇದಕ್ಕೆ ಸಾಕ್ಷಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರ್ಕಾರದ ನಿಷೇಧವಿರುತ್ತದೆ, ಮತ್ತು ಶ್ರಾವಣದ ನೂಲ ಹುಣ್ಣಿಮೆಯ ಸುಮಾರಿಗೆ ಮೊಗವೀರರು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಕಡಲನ್ನೇ ನಂಬಿ ಬದುಕುವವರು ದೋಣಿ ಎಳೆದು ದಡಕ್ಕಿಟ್ಟ ಕಾಲದಲ್ಲಿ, ಕಡಲನ್ನು ವರ್ಷಕ್ಕೊಮ್ಮೆ ನೋಡುವ ನಾವು ಇಳಿಯುವುದು ಯಾವ ಲೆಕ್ಕಕ್ಕೂ ಸರಿಹೋಗದು. ಪೂರ್ವ ಕರಾವಳಿಗೆ ಇದು ಹಿಂದುಮುಂದು: ಅಲ್ಲಿ ಈಶಾನ್ಯ ಹಿಂಗಾರಿನ ಮಳೆ ಮತ್ತು ಬಂಗಾಳ ಕೊಲ್ಲಿಯ ಚಂಡಮಾರುತಗಳ ಭಯ ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹಾಗಾಗಿ ದಸರಾ ರಜೆಗೂ ಶಾಲಾ ಪ್ರವಾಸದ ಡಿಸೆಂಬರ್‌ಗೂ ಪಶ್ಚಿಮವೇ ಮೇಲು, ಹತ್ತಿರವೆಂಬ ಒಂದೇ ಕಾರಣಕ್ಕೆ ಚೆನ್ನೈ ಕಡೆ ತಿರುಗುವುದು ಬೇಡ. ಚೆನ್ನೈನ ಮರೀನಾ ನಡೆಯಲು, ಗಾಳಿ ಸೇವಿಸಲು ಇರುವ ತೀರ. ಅಲ್ಲಿ ಮೀಯಲು ಇಳಿದವರನ್ನು ಪೊಲೀಸರು ಕೂಗಿ ಕರೆಯುವುದನ್ನು ನಾನೇ ಕಂಡಿದ್ದೇನೆ. ಆ ಕಡೆಗೇ ಹೋಗಬೇಕೆಂದರೆ ಮಹಾಬಲಿಪುರದ ದಾರಿಯಲ್ಲಿ ಸಿಗುವ ಕೋವಲಂ ಬೀಚಿಗೆ 2021ರಲ್ಲಿ ನೀಲಿ ಬಾವುಟದ ಮನ್ನಣೆ ಬಂದಿದೆ ಎಂಬುದನ್ನು ನೆನಪಿಡಿ. ಈ ನೀಲಿ ಬಾವುಟ ಎಂದರೇನು ಎಂಬುದನ್ನು ಮುಂದೆ ಹೇಳುತ್ತೇನೆ. ಉಳಿದ ಮಾತೆಲ್ಲ ಪಶ್ಚಿಮ ಕಡಲಿನದು.

ಹಂತ 3: ನಕ್ಷೆಯಲ್ಲಿ ಅಳಿವೆ ಹುಡುಕಿ

ಊರು ಗೊತ್ತಾದ ಮೇಲೆ ಅದರ ಸುತ್ತಲಿನ ಬೀಚುಗಳನ್ನು ಫೋನಿನ ಉಪಗ್ರಹ ನಕ್ಷೆಯಲ್ಲಿ ದೊಡ್ಡದು ಮಾಡಿ ನೋಡಿ. ನೋಡಬೇಕಾದದ್ದು ಮುಖ್ಯವಾಗಿ ಅಳಿವೆ. ನದಿ ಕಡಲನ್ನು ಸೇರುವ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಪಶ್ಚಿಮ ಘಟ್ಟದಿಂದ ಇಳಿಯುವ ನದಿಗಳು ಚಿಕ್ಕವಾದರೂ ಬಿರುಸಿನವು, ಮತ್ತು ಕರ್ನಾಟಕದ ಮುನ್ನೂರು ಚಿಲ್ಲರೆ ಕಿಲೋಮೀಟರು ತೀರದಲ್ಲಿ ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಕಾಳಿ ಎಂದು ಅಳಿವೆಗಳು ಸಾಲುಸಾಲಾಗಿ ಸಿಗುತ್ತವೆ. ಕಡಲು ಇಳಿಯುವ ಹೊತ್ತಿನಲ್ಲಿ ನದಿಯ ನೀರು ಮತ್ತು ಹಿನ್ನೀರು ಎರಡೂ ಸೇರಿ ಅಳಿವೆಯ ಮೂಲಕ ಹೊರಕ್ಕೆ ನುಗ್ಗುತ್ತವೆ. ಆ ಸೆಳೆತಕ್ಕೆ ಒಳ್ಳೆಯ ಈಜುಗಾರನೂ ಎದುರು ನಿಲ್ಲಲಾರ. ಮೇಲಾಗಿ ಅಳಿವೆಯ ಮರಳ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಕಳೆದ ವರ್ಷ ಮೊಣಕಾಲಿನ ಆಳವಿದ್ದ ಕಡೆ ಈ ವರ್ಷ ಆಳು ಮುಳುಗುವ ಗುಂಡಿ ಇರಬಹುದು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವ, ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಂತಹ ಜಾಗಗಳು ಕಣ್ಣಿಗೆ ಹಬ್ಬ. ನೋಡಲು ಹೋಗಿ, ನೀರಿಗಿಳಿಯಲು ಬೇಡ.

ಅಳಿವೆಯ ನಂತರ ನೋಡಬೇಕಾದವು ಬಂಡೆಗಳು, ಬಂದರಿನ ತಡೆಗೋಡೆಗಳು ಮತ್ತು ಕೊರೆತ ತಡೆಯಲು ಸುರಿದ ಕಲ್ಲುಗಳು. ಇವುಗಳ ಪಕ್ಕದಲ್ಲಿ ನೀರು ದಿಕ್ಕು ಬದಲಿಸಿ ಹೊರಗೆ ಹರಿಯುವುದು ಸಾಮಾನ್ಯ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಮರವಂತೆಯ ಫೋಟೊ ನೋಡಿ ಅಲ್ಲಿ ಬಸ್ಸು ನಿಲ್ಲಿಸಿ ಇಳಿಯುವವರು ಬಹಳ. ಅದು ನಿಂತು ನೋಡುವ ಜಾಗ, ಐದು ನಿಮಿಷ ಗಾಳಿ ಕುಡಿದು ಮುಂದಕ್ಕೆ ಹೋಗುವುದು ಲೇಸು.

ಹಂತ 4: ಜೀವರಕ್ಷಕರಿದ್ದಾರೆಯೇ

ನನ್ನ ಮಟ್ಟಿಗೆ ಆಯ್ಕೆಯ ಅರ್ಧ ಭಾಗ ಈ ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆ. ಹಳದಿ-ಕೆಂಪು ಉಡುಪಿನ, ಕೊರಳಲ್ಲಿ ಸೀಟಿ ಇರುವ ಜೀವರಕ್ಷಕರು ಯಾವ ಬೀಚಿನಲ್ಲಿದ್ದಾರೆ, ಎಷ್ಟು ಗಂಟೆಯವರೆಗೆ ಇರುತ್ತಾರೆ ಎಂಬುದನ್ನು ನೀವು ಉಳಿಯುವ ಲಾಡ್ಜಿನವರನ್ನು ಮೊದಲೇ ಫೋನಿನಲ್ಲಿ ಕೇಳಿ. ಜೀವರಕ್ಷಕರು ಇದ್ದ ಮಾತ್ರಕ್ಕೆ ಇಡೀ ಬೀಚು ಕಾವಲಿನಲ್ಲಿದೆ ಎಂದಲ್ಲ. ಅವರು ಕಾಯುವುದು ಬಾವುಟ ನೆಟ್ಟು ಗುರುತಿಸಿದ ಒಂದು ತುಂಡನ್ನು. ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಮೀಯಲು ಇರುವುದು. ಬರಿಯ ಕೆಂಪು ಬಾವುಟ ಕಂಡರೆ ಇಳಿಯಬಾರದು, ಒಂದರ ಮೇಲೊಂದು ಎರಡು ಕೆಂಪು ಇದ್ದರೆ ನೀರನ್ನೇ ಮುಚ್ಚಲಾಗಿದೆ ಎಂದರ್ಥ. ನಮ್ಮ ಕಡೆಯ ಜಾತ್ರೆಯಲ್ಲಿ ಕೆಂಪು ಬಾವುಟ ಅಲಂಕಾರಕ್ಕೆ ಇರುತ್ತದೆ, ಅಲ್ಲಿ ಹಾಗಲ್ಲ ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನು ನೀಲಿ ಬಾವುಟ. ಡೆನ್ಮಾರ್ಕಿನಲ್ಲಿ ಕಚೇರಿಯಿರುವ ಪರಿಸರ ಶಿಕ್ಷಣ ಪ್ರತಿಷ್ಠಾನವೊಂದು ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಪರಿಸರ ಶಿಕ್ಷಣ, ಸುರಕ್ಷತೆ ಮತ್ತು ಸೌಕರ್ಯ ಎಂಬ ತಲೆಬರಹಗಳಡಿ 33 ಮಾನದಂಡಗಳನ್ನು ನೋಡಿ ಬೀಚುಗಳಿಗೆ ಈ ಮನ್ನಣೆ ಕೊಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಭಾರತದ ಎಂಟು ಬೀಚುಗಳಿಗೆ ಇದು ಮೊದಲ ಸಲ ಬಂದಾಗ ಅವುಗಳಲ್ಲಿ ಎರಡು ಕರ್ನಾಟಕದವು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಹತ್ತಿರದ ಕಾಸರಕೋಡು. ಮೊದಲ ಸಲ ಕಡಲಿಗೆ ಹೋಗುವ ಕುಟುಂಬಕ್ಕೆ ನಾನು ಕಣ್ಣುಮುಚ್ಚಿ ಹೇಳುವುದು ಈ ಎರಡರ ಹೆಸರನ್ನೇ. ಪ್ರವೇಶಕ್ಕೆ ಸಣ್ಣ ಶುಲ್ಕವಿರುತ್ತದೆ, ಅದಕ್ಕೆ ಪ್ರತಿಯಾಗಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಸ್ನಾನ ಸಿಗುತ್ತವೆ. ಹೆಣ್ಣುಮಕ್ಕಳಿರುವ ಗುಂಪಿಗೆ ಇದರ ಬೆಲೆ ಏನೆಂಬುದು ಒದ್ದೆ ಬಟ್ಟೆಯಲ್ಲಿ ಬಸ್ಸಿನ ಸೀಟಿನ ಮೇಲೆ ಕೂತು ಬಂದವರಿಗೆ ಗೊತ್ತು. ಮನ್ನಣೆಯನ್ನು ವರ್ಷ ವರ್ಷವೂ ನವೀಕರಿಸಬೇಕಾದದ್ದರಿಂದ ಹೋಗುವ ಮೊದಲು ಬಾವುಟ ಇದೆಯೇ ಎಂದು ಕೇಳಿಕೊಳ್ಳಿ. ಮಳೆಗಾಲದ ಕಡಲಿಗೆ ನೀಲಿ ಬಾವುಟವೂ ತಿಳಿಯದು, ಹಸಿರು ಬಾವುಟವೂ ತಿಳಿಯದು.

ಹಂತ 5: ಊರುಗಳನ್ನು ಒಂದೊಂದಾಗಿ ನೋಡುವುದು

ಉಡುಪಿಯನ್ನು ತಂಗುದಾಣ ಮಾಡಿಕೊಂಡರೆ ಆಯ್ಕೆ ಸುಲಭ, ಏಕೆಂದರೆ ಅಲ್ಲಿ ನೋಡುವ, ಕಾಲು ತೋಯಿಸುವ, ಮೀಯುವ ಮೂರು ಬಗೆಯ ತೀರಗಳೂ ಒಂದು ಗಂಟೆಯ ದಾರಿಯೊಳಗೆ ಸಿಗುತ್ತವೆ. ಪಟ್ಟಣದಿಂದ ಆರು ಕಿಲೋಮೀಟರಿನಷ್ಟು ದೂರದಲ್ಲಿರುವ ಮಲ್ಪೆ ಅಗಲವಾದ ಮರಳಿನ, ಅಂಗಡಿ-ತಿನಿಸುಗಳ, ಜನಜಂಗುಳಿಯ ಬೀಚು. ಸಂಜೆ ಮಕ್ಕಳನ್ನು ಒದ್ದೆ ಮರಳಿನಲ್ಲಿ ಬಿಟ್ಟು ಕೂರಲು ಇದು ತಕ್ಕ ಜಾಗ. ಭಾನುವಾರ ಸಂಜೆಯ ಮಲ್ಪೆಯಲ್ಲಿ ಮಾತ್ರ ನಿಮ್ಮ ಮಗುವನ್ನು ನೀವೇ ಹುಡುಕಬೇಕಾದೀತು, ಆದ್ದರಿಂದ ವಾರದ ನಡುವಿನ ಬೆಳಿಗ್ಗೆಯನ್ನು ಆರಿಸಿಕೊಳ್ಳಿ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೊರಡುವುದೂ ಮಲ್ಪೆಯಿಂದಲೇ, ಮಳೆಗಾಲದಲ್ಲಿ ಅದು ನಿಲ್ಲುತ್ತದೆ. ದ್ವೀಪದಲ್ಲಿ ನೋಡಬೇಕಾದದ್ದು ಲಾವಾ ತಣಿದು ಕಂಬಗಳಂತೆ ಸೀಳಿ ನಿಂತಿರುವ ಶಿಲೆಗಳನ್ನು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅದೇ ಪಟ್ಟಿಯಲ್ಲಿ ನಮ್ಮ ಕೆಜಿಎಫ್ ಬಳಿಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಯೂ ಇದೆ. ದ್ವೀಪಕ್ಕೆ ಟಿಕೆಟ್ ಕೊಂಡು ಹೋಗುವ ನಾವು ಅದನ್ನು ನೋಡಿದ್ದೇವೆಯೇ ಎಂಬುದು ಬೇರೆ ಮಾತು. ಶಿಲೆಗಳ ಅಂಚು ಹರಿತ, ಪಾಚಿ ಜಾರುತ್ತದೆ, ಆದ್ದರಿಂದ ಅಲ್ಲಿ ರಬ್ಬರ್ ಚಪ್ಪಲಿ ಕಳಚಬೇಡಿ.

ದಕ್ಷಿಣಕ್ಕೆ ಹದಿಮೂರು ಕಿಲೋಮೀಟರಿನ ಸುಮಾರಿಗೆ ಕಾಪು ಸಿಗುತ್ತದೆ. ಅಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ, ಸಂಜೆಯ ನಿಗದಿತ ಹೊತ್ತಿನಲ್ಲಿ ಮೇಲೆ ಹತ್ತಲು ಬಿಡುತ್ತಾರೆ. ನೋಡುವವರ ಪಟ್ಟಿಯಲ್ಲಿ ಹೆಸರು ಬರೆಸಿದವರಿಗೆ ಇದಕ್ಕಿಂತ ಒಳ್ಳೆಯ ಸೂರ್ಯಾಸ್ತ ನನಗೆ ತಿಳಿದಂತೆ ಇಲ್ಲ. ಬಂಡೆಗಳ ಸುತ್ತ ನೀರಿಗಿಳಿಯುವುದು ಬೇಡ. ಇನ್ನೂ ದಕ್ಷಿಣಕ್ಕೆ ಹೋದರೆ, ಉಡುಪಿಗೂ ಮಂಗಳೂರಿಗೂ ಹೆಚ್ಚುಕಡಿಮೆ ನಡುವೆ, ಪಡುಬಿದ್ರಿ. ಹೀಗೆ ಬೆಳಿಗ್ಗೆ ಪಡುಬಿದ್ರಿಯಲ್ಲಿ ಮಿಂದು, ಸಂಜೆ ಕಾಪುವಿನಲ್ಲಿ ದೀಪಸ್ತಂಭ ಹತ್ತಿ, ಮರುದಿನ ಬೆಳಿಗ್ಗೆ ಮಲ್ಪೆಗೆ ಹೋದರೆ ಚೀಟಿಯಲ್ಲಿ ಬರೆದ ಮೂರೂ ಬಯಕೆಗಳು ತೀರುತ್ತವೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಕೃಷ್ಣಮಠದ ಪರ್ಯಾಯ ಉತ್ಸವದ ಆಸುಪಾಸಿನಲ್ಲಿ ಮಾತ್ರ ಉಡುಪಿಯಲ್ಲಿ ಕೋಣೆ ಸಿಗುವುದು ಕಷ್ಟ.

ಮಂಗಳೂರಿನಲ್ಲಿ ಹೆಸರುಗಳು ಜಾಸ್ತಿ, ವ್ಯತ್ಯಾಸವೂ ಜಾಸ್ತಿ. ನಗರದ ಉತ್ತರಕ್ಕೆ ಬಂದರಿನ ಹತ್ತಿರದ ಪಣಂಬೂರು ಹಳೆಯ, ಹೆಚ್ಚು ಜನ ಸೇರುವ, ಜೀವರಕ್ಷಕರು ಕಾಯುವ ಬೀಚು. ತಣ್ಣೀರುಬಾವಿ ಫಲ್ಗುಣಿ ನದಿಯ ಆಚೆ ದಡದಲ್ಲಿದೆ. ರಸ್ತೆಯಲ್ಲಿ ಕೂಳೂರಿನ ಮೇಲೆ ಸುತ್ತಿಯೂ ಹೋಗಬಹುದು, ಟಿಪ್ಪು ಕಾಲದ ಸುಲ್ತಾನ್ ಬತ್ತೇರಿಯ ಬಳಿಯಿಂದ ದೋಣಿಯಲ್ಲಿ ಹೊಳೆ ದಾಟಿಯೂ ಹೋಗಬಹುದು. ಮಕ್ಕಳಿದ್ದರೆ ಎರಡನೆಯದೇ ಸೈ, ಆ ಸಣ್ಣ ದೋಣಿ ಪ್ರಯಾಣವನ್ನು ಅವರು ಬೀಚಿಗಿಂತ ಹೆಚ್ಚು ಕಾಲ ನೆನಪಿಡುತ್ತಾರೆ. ಸುರತ್ಕಲ್ಲಿನಲ್ಲಿ ದೀಪಸ್ತಂಭ ಮತ್ತು ಬಂಡೆಗಳು, ಉಳ್ಳಾಲದ ಸೋಮೇಶ್ವರದಲ್ಲಿ ದೇವಸ್ಥಾನ ಮತ್ತು ಕಡಲಿಗೆ ಚಾಚಿದ ದೊಡ್ಡ ಬಂಡೆಗಳು: ಎರಡೂ ನೋಡುವ ಜಾಗಗಳೇ. ಸೋಮೇಶ್ವರದ ಬಂಡೆಯ ತುದಿಯಲ್ಲಿ ನಿಂತು ಸೆಲ್ಫಿ ತೆಗೆಯುವುದು ಬೇಡವೆಂದು ಮಕ್ಕಳಿಗಿಂತ ದೊಡ್ಡವರಿಗೆ ಹೇಳಬೇಕಾಗಿದೆ. ಮೂಲ್ಕಿಯ ಹತ್ತಿರದ ಸಸಿಹಿತ್ಲು ಅಲೆಸವಾರಿಯ (ಸರ್ಫಿಂಗ್) ಸ್ಪರ್ಧೆಗಳಿಗೆ ಹೆಸರಾದದ್ದು. ಅಲೆಸವಾರರು ಇಷ್ಟಪಡುವ ಅಲೆ ನಮ್ಮಂಥವರಿಗೆ ಒಗ್ಗುವ ಅಲೆಯಲ್ಲ ಎಂಬುದು ತಾನಾಗಿ ತಿಳಿಯುವ ಮಾತು.

ಉತ್ತರ ಕನ್ನಡಕ್ಕೆ ಹೋಗುವವರು ಬಹುಪಾಲು ಮುರುಡೇಶ್ವರದ 123 ಅಡಿಯ ಶಿವನನ್ನು ನೋಡಲು ಹೋಗುತ್ತಾರೆ, ನೋಡಬೇಕಾದದ್ದೇ. ದೇವರ ದರ್ಶನ ಅಲ್ಲಿ, ನೀರಾಟ ಹೊನ್ನಾವರದ ಕಾಸರಕೋಡಿನಲ್ಲಿ ಎಂದು ಎರಡನ್ನೂ ಬೇರೆ ಮಾಡಿಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಕಾಸರಕೋಡಿನಲ್ಲಿ ಗಾಳಿಮರದ ತೋಪಿನ ನೆರಳು ಇದೆ, ಅಲ್ಲಿಂದ ಸ್ವಲ್ಪ ದೂರದಲ್ಲಿ ಶರಾವತಿಯ ಹಿನ್ನೀರಿನ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮರಗಳ) ಕಾಡಿನೊಳಗೆ ಮರದ ಹಲಗೆಯ ನಡೆದಾರಿಯೂ ಇದೆ. ಗೋಕರ್ಣದ ಓಂ, ಕುಡ್ಲೆ ತೀರಗಳು ಗುಡ್ಡಗಳ ನಡುವೆ ಅಡಗಿರುವ ಸುಂದರ ಜಾಗಗಳು. ಆದರೆ ಬಂಡೆಗಳು ಹೆಚ್ಚು, ಮೆಟ್ಟಿಲು ಹತ್ತಿಳಿಯುವುದು ಹೆಚ್ಚು, ಪ್ಯಾರಡೈಸ್ ಬೀಚಿಗಂತೂ ನಡೆದೋ ದೋಣಿಯಲ್ಲೋ ಹೋಗಬೇಕು. ಮಂಡಿನೋವಿನ ಹಿರಿಯರಿರುವ ಗುಂಪಿಗೆ ಇವು ತಕ್ಕವಲ್ಲ.

ಹಂತ 6: ದಿನ ಮತ್ತು ಹೊತ್ತು

ಕಡಲು ದಿನಕ್ಕೆ ಸಾಮಾನ್ಯವಾಗಿ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹಿಡಿಯುವುದರಿಂದ ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಕಂಡ ಅಗಲವಾದ ಮರಳು ಇಂದು ಒಂಬತ್ತಕ್ಕೆ ಹಾಗೆಯೇ ಇರುವುದಿಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಸುಮಾರಿಗೆ ಸೂರ್ಯ, ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಏರಿಳಿತ ಹೆಚ್ಚಾಗುತ್ತದೆ. ಅಷ್ಟಮಿಯ ಹತ್ತಿರ ಅದು ಕಡಿಮೆ. ಹೀಗಾಗಿ ಪ್ರವಾಸದ ದಿನ ಗೊತ್ತು ಮಾಡುವಾಗ ಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರ್ ನೋಡುವುದು ಮೂಢನಂಬಿಕೆಯಲ್ಲ, ಶುದ್ಧ ಲೆಕ್ಕಾಚಾರ. ಹೊತ್ತಿನ ಮಟ್ಟಿಗೆ, ನೀರು ಏರುತ್ತಿರುವ ಬೆಳಗಿನ ವೇಳೆ ನನಗೆ ಒಗ್ಗಿದ್ದು. ಇಳಿಯುವ ನೀರು ತನ್ನೊಂದಿಗೆ ಎಳೆದೊಯ್ಯುವುದು ಹೆಚ್ಚು.

ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರ ಕೊಡುವ ಎತ್ತರದ ಅಲೆಗಳ ಎಚ್ಚರಿಕೆಯನ್ನು ಒಮ್ಮೆ ನೋಡಿ, ಪತ್ರಿಕೆಗಳಲ್ಲೂ ಅದು ಬರುತ್ತದೆ. ನಮ್ಮ ಕರಾವಳಿಯಲ್ಲಿ ಗಾಳಿ ಇಲ್ಲದ, ಬಿಸಿಲು ಕಾಯುವ ದಿನವೂ ದೊಡ್ಡ ಅಲೆ ಏಳುವುದುಂಟು. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಅಲೆಗಳು ದಿನಗಟ್ಟಲೆ ಪಯಣಿಸಿ ಇಲ್ಲಿಗೆ ಬರುತ್ತವೆ. ಹೇಳದೆ ಬರುವ ಈ ಕಡಲಿಗೆ ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಬೇಸಿಗೆ ರಜೆಯ ಏಪ್ರಿಲ್-ಮೇ ತಿಂಗಳಲ್ಲಿ ಇದರ ಕಾಟ ಹೆಚ್ಚು.

ಹಂತ 7: ತೀರ ತಲುಪಿದ ಮೇಲೆ ಹದಿನೈದು ನಿಮಿಷ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಬೀಚಿಗೆ ಇಳಿದ ಕೂಡಲೇ ಚಪ್ಪಲಿ ಬಿಟ್ಟು ಓಡದೆ, ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಹದಿನೈದು ನಿಮಿಷ ನೀರನ್ನು ನೋಡಿ. ಅಲೆಗಳು ಮರಳ ದಿಬ್ಬದ ಮೇಲೆ ನೊರೆಗಟ್ಟಿ ಒಡೆಯುತ್ತವೆ, ದಡಕ್ಕೆ ನೀರು ತುಂಬುತ್ತದೆ. ತುಂಬಿದ ನೀರು ಹೊರಗೆ ಹೋಗಲು ದಿಬ್ಬಗಳ ನಡುವೆ ಒಂದು ಕಾಲುವೆಯನ್ನು ಹುಡುಕಿಕೊಳ್ಳುತ್ತದೆ. ಆ ಕಾಲುವೆ ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಏಳುವುದಿಲ್ಲ. ಎರಡೂ ಬದಿಗೆ ಬಿಳಿ ನೊರೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತ, ತುಸು ಕಪ್ಪು ಅಥವಾ ಮರಳು ಕದಡಿದ ಬಣ್ಣ. ಕೆರೆಯಲ್ಲಿ ಬೆಳೆದ ಕಣ್ಣು ಅದನ್ನು ಕಂಡ ತಕ್ಷಣ, ಇಲ್ಲಿ ಅಲೆ ಇಲ್ಲ, ಮಕ್ಕಳನ್ನು ಇಲ್ಲಿ ಇಳಿಸೋಣ ಎನ್ನುತ್ತದೆ. ಹೊರಕ್ಕೆ ಎಳೆದೊಯ್ಯುವ ಪ್ರವಾಹ ಇರುವುದು ಸರಿಯಾಗಿ ಅಲ್ಲಿಯೇ. ಗದ್ದೆಯ ಬದುವಿನಲ್ಲಿ ಒಂದು ಕಂಡಿ ಬಿದ್ದರೆ ಮಡಿಯಲ್ಲಿ ನಿಂತ ನೀರೆಲ್ಲ ಹೇಗೆ ಆ ಕಂಡಿಯ ಕಡೆಗೇ ಹರಿಯುತ್ತದೆಯೋ ಹಾಗೆ ಎಂದರೆ ನಮ್ಮ ರೈತರಿಗೆ ಬೇಗ ಅರ್ಥವಾಗುತ್ತದೆ.

ತೀರದ ಇಳಿಜಾರನ್ನೂ ನೋಡಿ. ನುಣುಪು ಮರಳಿನ ಸಪಾಟು ತೀರದಲ್ಲಿ ಅಲೆ ದೂರದಲ್ಲೇ ಒಡೆದು ತೆಳುವಾಗಿ ಹರಿದು ಬರುತ್ತದೆ. ದಪ್ಪ ಮರಳಿನ ಕಡಿದಾದ ತೀರದಲ್ಲಿ ಅಲೆ ಕಾಲ ಬುಡದಲ್ಲೇ ಧೊಪ್ಪೆಂದು ಬೀಳುತ್ತದೆ, ಎರಡು ಹೆಜ್ಜೆಗೆ ಎದೆಮಟ್ಟ ಆಳ ಸಿಗುತ್ತದೆ. ಎರಡನೆಯ ಬಗೆಯದಾದರೆ ಕಾಲು ತೋಯಿಸುವುದನ್ನೂ ಬಿಡಿ. ಕೊನೆಗೆ ಅಲ್ಲಿ ಬಲೆ ಸರಿಪಡಿಸುತ್ತಾ ಕುಳಿತ ಮೀನುಗಾರರನ್ನು, ಕಡಲೆ ಮಾರುವವರನ್ನು ಕೇಳಿ: ಈ ವಾರ ಎಲ್ಲಿ ಎಳೆಯುತ್ತಿದೆ ಎಂದು. ದಿಬ್ಬಗಳು ಸರಿಯುತ್ತಿರುವುದರಿಂದ ಇದಕ್ಕೆ ಉತ್ತರ ಯಾವ ನಕ್ಷೆಯಲ್ಲೂ ಇರದು, ಅವರ ಬಾಯಲ್ಲಿ ಇರುತ್ತದೆ.

ಇಷ್ಟಾದರೂ ಯಾರಾದರೂ ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರವಾಗಿ ಈಜಿ ದಣಿಯಬಾರದು. ತೇಲುತ್ತಾ ಉಸಿರು ಉಳಿಸಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ನೊರೆ ಏಳುವ ಕಡೆಯಿಂದ ಹಿಂದಿರುಗಬೇಕು. ದಡದಲ್ಲಿರುವವರು ಕೈಕೈ ಹಿಡಿದು ಸರಪಳಿ ಮಾಡಿ ಇಳಿಯುವುದು ನಮ್ಮ ಕಡೆಯವರ ಮೊದಲ ಯೋಚನೆ, ಒಬ್ಬರ ಜೊತೆ ಇನ್ನಿಬ್ಬರ ಜೀವ ಹೋಗುವುದು ಹೀಗೆಯೇ, ಹಾಗೆ ಇಳಿಯಬೇಡಿ. ತೇಲುವ ವಸ್ತು ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಿ.

ಹಂತ 8: ಗುಂಪು ಕರೆದೊಯ್ಯುವವರಿಗೆ

ಶಾಲೆಯ ಮಕ್ಕಳಾದರೆ ನಿಯಮ ಇನ್ನೂ ಬಿಗಿಯಾಗಿರಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು, ನಿದ್ದೆಗೆಟ್ಟು ಬಂದ ಮಕ್ಕಳನ್ನು ಅದೇ ದಿನ ನೀರಿಗೆ ಬಿಡಬಾರದು. ಮೊದಲ ದಿನ ದೇವಸ್ಥಾನ, ದೀಪಸ್ತಂಭ, ಮರಳು. ನೀರು ಎರಡನೆಯ ದಿನ ಬೆಳಿಗ್ಗೆ. ನೀರಿನ ಹತ್ತಿರ ಒಂದು ಸಲಕ್ಕೆ ಹತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಒಬ್ಬ ಶಿಕ್ಷಕರ ಕೆಲಸ ಎಣಿಸುವುದು ಮಾತ್ರ ಆಗಿರಲಿ, ಅವರ ಕೈಯಲ್ಲಿ ಮೊಬೈಲ್ ಇರಬಾರದು. ಬಟ್ಟೆಯ ವಿಷಯವೂ ಇದೆ: ಚೂಡಿದಾರ, ದುಪಟ್ಟಾ, ಸೀರೆ, ಜೀನ್ಸ್ ನೆನೆದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಅವನ್ನುಟ್ಟವರು ಪಾದ ಮುಳುಗುವಷ್ಟಕ್ಕೇ ನಿಲ್ಲಲಿ. ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ಒಣ ಮರಳಿನ ಮೇಲಿರಬೇಕು.

ಬೀಚು ಒಂದೇ ಗೊತ್ತು ಮಾಡಿಕೊಂಡು ಹೊರಡಬೇಡಿ, ಎರಡನ್ನು ಗೊತ್ತು ಮಾಡಿಕೊಳ್ಳಿ. ನಾನೂರು ಕಿಲೋಮೀಟರು ಬಂದ ಮೇಲೆ ಇಳಿಯಬೇಡಿ ಎಂದರೆ ಯಾರಿಗೂ ಸಹಿಸಲಾಗದು, ಖರ್ಚು ಮಾಡಿದ ಹಣವೇ ಮನುಷ್ಯನನ್ನು ನೀರಿಗೆ ತಳ್ಳುತ್ತದೆ. ಪಡುಬಿದ್ರಿಯಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ಅಂದು ಕಾಪುವಿನ ದೀಪಸ್ತಂಭ, ಅದೂ ಮುಚ್ಚಿದ್ದರೆ ಉಡುಪಿಯ ರಥಬೀದಿ ಎಂದು ಕೋಲಾರದ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತುವ ಮೊದಲೇ ಎಲ್ಲರಿಗೂ ಹೇಳಿಟ್ಟರೆ, ಅಲೆಯ ಮುಂದೆ ನಿಂತು ವಾದ ಮಾಡುವ ಪ್ರಸಂಗ ಬರುವುದಿಲ್ಲ.